ನಿಂತ ಲಿಫ್ಟಿಗೆ ಕಿವಿಗೊಟ್ಟು

ನನ್ನ ಗಂಡ ಲಿಫ್ಟ್ ಮೆಕ್ಯಾನಿಕ್. ಆದರೂ ನಾಲ್ಕನೇ ಮಹಡಿಯ ನಮ್ಮ ಮನೆಗೆ ಮೆಟ್ಟಿಲು ಹತ್ತಿಯೇ ಬರುವವರು. "ಅಡುಗೆಭಟ್ಟ ತನ್ನ ಹೋಟೆಲಲ್ಲೇ ಊಟ ಮಾಡಲ್ಲ ಕಣೇ" ಎಂದು ನಗುತ್ತಿದ್ದರು. ಹೃದಯದ ರಕ್ತನಾಳಕ್ಕೆ ಸ್ಟೆಂಟ್ ಹಾಕಿಸಿಕೊಂಡ ಮೇಲೂ ಕೆಲವೇ ವಾರಗಳಲ್ಲಿ ಮೆಟ್ಟಿಲಿಗೆ ಮರಳಿದ್ದರು. ಔಷಧ ಲೇಪಿಸಿದ ಸ್ಟೆಂಟ್, ಅದರೊಳಗೆ ನಾಳ ಮತ್ತೆ ಕಿರಿದಾಗುವುದು ಅಪರೂಪ ಎಂದಿದ್ದರು ವೈದ್ಯರು. ಇವರಿಗೆ ಅಷ್ಟು ಸಾಕಾಯಿತು. ನನಗೆ ಸಾಕಾಗಲಿಲ್ಲ.

ಅಂದಿನಿಂದ ಸಂಜೆ ಬಾಗಿಲು ಓರೆಮಾಡಿಕೊಂಡು ಇವರ ಬೂಟಿನ ಸದ್ದಿಗೆ ಕಾಯುವುದೇ ನನ್ನ ಕೆಲಸ. ಒಲೆಯ ಮೇಲಿಟ್ಟ ಹಾಲು ಉಕ್ಕುತ್ತಿತ್ತು, ಒರೆಸಿ ಮತ್ತೆ ಬಾಗಿಲಿಗೆ ಬರುತ್ತಿದ್ದೆ. ಈಚೆಗೆ ಆ ಸದ್ದು ಮೂರನೇ ಮಹಡಿಗೆ ಬರುತ್ತಲೇ ನಿಲ್ಲತೊಡಗಿತು. ಕಂಬಿಯ ಮೇಲಿಂದ ಬಗ್ಗಿ ನೋಡಿದರೆ ಲಿಫ್ಟಿನ ಬಾಗಿಲಿಗೆ ಕಿವಿ ಆನಿಸಿ ನಿಂತಿರುತ್ತಿದ್ದರು.

"ಏನಾಯ್ತು?"

"ಎಲ್ಲೋ ಉಜ್ಜುತ್ತಿದೆ. ಸದ್ದು ಕೇಳ್ತಿದ್ದೆ."

"ಎದೆ ನೋವಾ?"

"ಯಾರಿಗೆ, ಲಿಫ್ಟಿಗಾ?"

ಅತ್ತೆ ಒಳಗಿನಿಂದ ಕೂಗುತ್ತಿದ್ದರು: "ಮೊದಲು ಅವನನ್ನ ಒಳಗೆ ಬಿಡಮ್ಮ! ಇದೇನು ಮನೆ ಬಾಗಿಲೋ, ಪೊಲೀಸ್ ಠಾಣೆಯೋ?"

ನನ್ನ ಕಾಟ ತಡೆಯಲಾರದೆ ಒಂದು ದಿನ ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ಮಾಡಿಸಿಕೊಂಡು ಬಂದರು. "ನೋಡು, ಗೆರೆ ಎಷ್ಟು ನೀಟಾಗಿದೆ. ಇನ್ನಾದರೂ ನಿದ್ದೆ ಮಾಡು." ನಿದ್ದೆ ಬರಲಿಲ್ಲ.

ಭಾನುವಾರ ನಮ್ಮ ಕಟ್ಟಡದ ಲಿಫ್ಟನ್ನೇ ರಿಪೇರಿಗೆ ತೆಗೆದುಕೊಂಡರು. ನೆಲಮಹಡಿಯ ಟೈಲರಮ್ಮನಿಗೆ ಸಿಟ್ಟು. "ಈಗಷ್ಟೇ ಖಾಲಿ ಕಳಿಸಿ ನೋಡಿದೆ. ಚೆನ್ನಾಗೇ ಇದೆಯಲ್ರೀ!"

"ಖಾಲಿ ಲಿಫ್ಟ್ ಯಾವಾಗಲೂ ಚೆನ್ನಾಗೇ ಓಡುತ್ತೆ ಅಮ್ಮ. ಭಾರ ಬಿದ್ದಾಗಲೇ ಅದರ ಬಣ್ಣ ಬಯಲಾಗೋದು."

ಹಾಗೆಂದು ಕೆಳಗೆ ಲಿಫ್ಟಿನ ಮುಖ್ಯ ಸ್ವಿಚ್ ಆಫ್ ಮಾಡಿ, ಮೋಟಾರು ನೋಡಲು ತಾರಸಿಯತ್ತ ಹೊರಟರು. ಸಲಕರಣೆಯ ಚೀಲ ಕಿತ್ತುಕೊಂಡು ನಾನು ಹಿಂದೆಯೇ ಹತ್ತಿದೆ. ಮೂರನೇ ಮಹಡಿ ಬಂತು. ಇವರು ನಿಂತರು. ಒಂದು ಕೈ ಗೋಡೆಯ ಮೇಲೆ, ಕಿವಿ ಲಿಫ್ಟಿನ ಬಾಗಿಲ ಮೇಲೆ. ಕತ್ತಿನ ಹಿಂದೆ ಬೆವರು.

"ಏನು ಕೇಳಿಸ್ತಿದೆ?"

"ಅದೇ... ಉಜ್ಜೋ ಸದ್ದು."

"ಕರೆಂಟು ನೀವೇ ತೆಗೆದು ಬಂದಿರಲ್ಲ."

ಬಾಗಿಲಿನಿಂದ ಕಿವಿ ತೆಗೆದರು. ಆಮೇಲೆ ನಗಲು ಹೋಗಿ, ನಗಲಾರದೆ, ಮೆಟ್ಟಿಲ ಮೇಲೆ ಕುಳಿತರು.

"ಹಳೇ ನೋವೇ. ಹತ್ತುವಾಗ ಹಿಡಿಯುತ್ತೆ, ನಿಂತರೆ ಬಿಡುತ್ತೆ. ಇವತ್ತು ಬಿಡೋಕೆ ತಡ ಮಾಡ್ತಿದೆ."

"ಮತ್ತೆ ಆ ಇಸಿಜಿ?"

"ಮಲಗಿಸಿ ತೆಗೆದಿದ್ದು." ಬೆವರು ಒರೆಸಿಕೊಂಡರು. "ಖಾಲಿ ಲಿಫ್ಟ್."

"ಗೊತ್ತಿದ್ದೂ ನನಗೆ ಹೇಳಲಿಲ್ಲ."

"ಹೇಗೆ ಹೇಳಲಿ? ಕೆಮ್ಮಿದರೂ ನಿನ್ನ ಮುಖ ಸೂತಕದ ಮನೆ ಆಗುತ್ತೆ. ಅದನ್ನ ನೋಡಿದರೆ ಇಲ್ಲದ ನೋವೂ ಬರುತ್ತೆ."

ಅವರು ನೋವು ಬಚ್ಚಿಟ್ಟಿದ್ದು ನನ್ನ ಕಾವಲಿಗೆ ಹೆದರಿ. ಆಂಬುಲೆನ್ಸಿಗೆ ಫೋನ್ ಮಾಡಿದೆ. ಮೇಲಿನಿಂದ ಅತ್ತೆಯ ದನಿ ಬಂತು: "ಸಿಕ್ಕಿಬಿದ್ದನಾ? ಹೇಳೋ ಹೇಳೋ ಅಂತ ಬಡ್ಕೊಂಡೆ, ಕೇಳಲಿಲ್ಲ."

ಆಸ್ಪತ್ರೆಯ ಪರದೆಯಲ್ಲಿ ಸ್ಟೆಂಟಿನ ಜಾಲರಿ ನೆಟ್ಟಗೇ ಇತ್ತು. ಅದರೊಳಗೆ ಹೊಸ ಅಂಗಾಂಶ ಬೆಳೆದು, ರಕ್ತದ ಹಾದಿ ದಾರದಷ್ಟಾಗಿತ್ತು. "ಅಪರೂಪ ಅಂದಿದ್ರಿ" ಎಂದೆ.

"ಅಪರೂಪವೇ. ಆಗೋದೇ ಇಲ್ಲ ಅಂತಲ್ಲ. ಬಲೂನಿನಿಂದ ಮತ್ತೆ ಅಗಲ ಮಾಡೋಣ. ಸರಿಯಾದ ಹೊತ್ತಿಗೆ ಬಂದಿದ್ದೀರಿ" ಎಂದರು ವೈದ್ಯರು.

ಒಳಗೆ ಕರೆದೊಯ್ಯುವ ಮುನ್ನ ಇವರು ನನ್ನತ್ತ ತಿರುಗಿದರು. "ಮುಖ ಸರಿ ಮಾಡ್ಕೋ."

ಪ್ರಯತ್ನಿಸಿದೆ, ಆಗಲಿಲ್ಲ. "ಇರೋದು ಇದೊಂದೇ. ಇದನ್ನೇ ನೋಡಿಕೊಂಡು ಹೇಳಿ, ಈಗ ನೋವಿದೆಯಾ?"

ಅವರು ಕಣ್ಣು ತಪ್ಪಿಸಲಿಲ್ಲ.

"ಇದೆ" ಎಂದರು.