ಮೊಣಕಾಲಲ್ಲಿ ಕಿವಿ

ನಾನು ಒಂದು ಚೆಲ್ಲೋ. ಪಿಟೀಲಿನ ವಂಶದವಳೇ, ಆದರೆ ಹೆಗಲೇರಿ ಕೂರುವ ಜಾಯಮಾನ ನನ್ನದಲ್ಲ. ಬುಡದ ಕಬ್ಬಿಣದ ಮೊಳೆಯನ್ನು ನೆಲಕ್ಕೂರಿ, ನುಡಿಸುವವರ ಎರಡು ಮೊಣಕಾಲುಗಳ ನಡುವೆ ನಿಂತು, ಎದೆಗೆ ಒರಗಿದರೆ ಮಾತ್ರ ನನ್ನ ದನಿ ಪೂರ್ತಿ ಏಳುತ್ತದೆ. ನನ್ನ ಬಾಳಿನ ಜಗಳವೆಲ್ಲ ಇದರದ್ದೇ.

ಹುಟ್ಟಿದ್ದು ಇಂಗ್ಲೆಂಡಿನ ಲ್ಯಾಂಕಾಷೈರ್ ಸೀಮೆಯಲ್ಲಿ, ಹತ್ತಿ ಗಿರಣಿಗಳ ಊರಿನಲ್ಲಿ. ಜೋನಸ್ ಗ್ರಿಮ್ಶಾ ಎಂಬ ಬಡಗಿ ಶವಪೆಟ್ಟಿಗೆ ಮಾಡಿ ಹೊಟ್ಟೆ ಹೊರೆಯುತ್ತಿದ್ದ. ಉಳಿದ ಒಳ್ಳೆ ಹಲಗೆಗಳನ್ನು ಕೂಡಿಸಿ ನನ್ನನ್ನು ಮಾಡಿದ. "ಸತ್ತೋರಿಗೇ ಎಷ್ಟೂಂತ ಮಾಡೋದು, ಬದುಕಿರೋರಿಗೂ ಒಂದು ಪೆಟ್ಟಿಗೆ ಇರಲಿ" ಎಂದ. ನಾನು ಕೇಳಿದ ಮೊದಲ ತಮಾಷೆ ಅದು.

ಅವನ ಮಗಳು ಎಲ್ಸಿ. ಎಳೆಯ ವಯಸ್ಸಿಗೇ ಗಿರಣಿ ಸೇರಿದವಳು. ಮಗ್ಗಗಳ ಆ ಅಬ್ಬರದಲ್ಲಿ ಕೂಗಿದರೂ ಕೇಳದು. ಅದಕ್ಕೇ ಅಲ್ಲಿನ ಹೆಂಗಸರು ದನಿಯೇ ಇಲ್ಲದೆ, ತುಟಿಗಳನ್ನು ದೊಡ್ಡದಾಗಿ ಆಡಿಸಿ ಮಾತಾಡುತ್ತಿದ್ದರು. ಮೇಸ್ತ್ರಿಯನ್ನು ಅವನ ಎದುರೇ ಬೈಯುವುದೂ ಹಾಗೆಯೇ, ಮದುವೆ ಕುದುರಿಸುವುದೂ ಹಾಗೆಯೇ. ಮಾಲೀಕನಿಗೆ ಬಟ್ಟೆ ಸಿಕ್ಕಿತು. ಎಲ್ಸಿಯ ಕಿವಿ ಮಂದವಾಯಿತು. ಕೂಲಿಯಲ್ಲಿ ಮುರಿದುಕೊಂಡದ್ದು ಸಾಲದೆ ಅವನು ಕಿವಿಯನ್ನೂ ಮುರಿದುಕೊಂಡ.

ಸಂಜೆ ನನ್ನನ್ನು ಮೊಣಕಾಲ ನಡುವೆ ಹಿಡಿದರೆ ಮಾತ್ರ ಅವಳಿಗೆ ಎಲ್ಲವೂ ಕೇಳುತ್ತಿತ್ತು. ನನ್ನ ನಡುಕ ಅವಳ ಮೂಳೆ ಹತ್ತಿ ಎದೆಗೂಡಿನಲ್ಲಿ ಸ್ವರವಾಗುತ್ತಿತ್ತು. ಅವಳ ನುಡಿಸಾಣಿಕೆ ಊರಿಗೇ ಹೆಸರಾಗಿ, ಕೊನೆಗೆ ಮ್ಯಾಂಚೆಸ್ಟರಿನ ಒಂದು ವಾದ್ಯವೃಂದ ಅವಳನ್ನು ಕಛೇರಿ ನುಡಿಸಲು ಕರೆಸಿತು.

ಅದರ ಯಜಮಾನ ಪೆಲ್ಹಮ್ ನನ್ನನ್ನೂ ಅವಳನ್ನೂ ನೋಡಿ ಹುಬ್ಬು ಗಂಟಿಕ್ಕಿದ.

"ಮಿಸ್ ಗ್ರಿಮ್ಶಾ, ಈ ಕಛೇರಿ ಗೆದ್ದರೆ ನಮ್ಮಲ್ಲಿ ನಿಮಗೆ ಕಾಯಂ ಜಾಗ. ಆದರೆ ಎರಡೂ ಕಾಲು ಒಂದೇ ಕಡೆ ಮಡಿಸಿ ಕೂರಬೇಕು. ಮರ್ಯಾದಸ್ಥ ಹೆಂಗಸರು ಕೂರುವುದೇ ಹಾಗೆ."

"ಹಾಗೆ ಕೂತ್ರೆ ನಂಗೆ ನುಡಿಸಕ್ಕಾಗಲ್ಲ ಸರ್."

"ಅಭ್ಯಾಸ ಮಾಡಿಕೊಳ್ಳಿ."

ಕಿವಿಯ ವಿಷಯ ಬಾಯಿಬಿಟ್ಟರೆ ಬಾಗಿಲೇ ಮುಚ್ಚುತ್ತದೆಂದು ಅವಳಿಗೆ ಗೊತ್ತಿತ್ತು. ಸರಿಯೆಂದು ತಲೆಯಾಡಿಸಿದಳು. ಗಿರಣಿಯ ಹೆಂಗಸರು ಲಂಗ ಎತ್ತಿ ಸಿಕ್ಕಿಸಿಕೊಂಡು ಮಗ್ಗದಡಿ ತೆವಳುವಾಗ ಈ ಮರ್ಯಾದೆ ಎಲ್ಲಿ ಹೋಗಿತ್ತು? ದುಡಿಯಲು ಕಾಲು ಬೇಕು, ನುಡಿಸಲು ಬೇಡವೇ?

ಕಛೇರಿಯ ದಿನ ಅವಳು ನನ್ನನ್ನು ಪಕ್ಕಕ್ಕೆ ವಾಲಿಸಿಕೊಂಡು ಕೂತಳು. ನನ್ನ ನಡುಕ ಗಾಳಿಯಲ್ಲಿ ಪೋಲಾಯಿತು. ಸ್ವರ ಜಾರಿತು, ತಾಳ ಹಿಂದೆ ಬಿತ್ತು. ಮುಂದಿನ ಸಾಲಿನಲ್ಲಿ ಕೆಮ್ಮು ಶುರುವಾಯಿತು. ಮೊದಲ ಭಾಗ ಹೇಗೋ ಮುಗಿದಾಗ ಅವಳು ಸೋತ ಮುಖವೆತ್ತಿ ಮೇಲೆ ನೋಡಿದಳು.

ಮಾಡಿನ ಕೆಳಗಿನ ಅಗ್ಗದ ಗ್ಯಾಲರಿಯ ತುಂಬ ಗಿರಣಿಯ ಹೆಂಗಸರು. ಪಕ್ಕದ ಮಗ್ಗದ ಮಾರ್ಥಾ ಎದ್ದು ನಿಂತಿದ್ದಳು. ಸಭೆಯೆಲ್ಲ ನಿಶ್ಶಬ್ದ. ಆ ನಿಶ್ಶಬ್ದದಲ್ಲೇ ಮಾರ್ಥಾ ತುಟಿಯಗಲಿಸಿ, ದನಿಯಿಲ್ಲದೆಯೇ ಅರಚಿದಳು:

"ಅದೇನೇ ಎಲ್ಸೀ, ದೊರೆಸಾನಿ ಒಂದೇ ಕಡೆ ಕಾಲು ಹಾಕಿ ಕುದುರೆ ಮೇಲೆ ಕೂತಂಗೆ ಕೂತಿದ್ದೀಯ? ನೆಟ್ಟಗೆ ಕೂತ್ಕೊಳೇ!"

ಸಾಲಿಗೆ ಸಾಲೇ ತುಟಿಯಾಡಿಸಿತು. ನೆಟ್ಟಗೆ ಕೂತ್ಕೊ. ನೆಟ್ಟಗೆ ಕೂತ್ಕೊ. ಪೆಲ್ಹಮನಿಗೆ ಒಂದಕ್ಷರವೂ ಕೇಳಿಸಲಿಲ್ಲ.

ಎಲ್ಸಿ ನಕ್ಕಳು. ಕುರ್ಚಿಯಲ್ಲಿ ತಿರುಗಿ, ಲಂಗ ಸರಿಮಾಡಿ, ನನ್ನನ್ನು ಎರಡು ಮೊಣಕಾಲ ನಡುವೆ ಗಟ್ಟಿಯಾಗಿ ನೆಟ್ಟಳು. ಮುಂದಿನ ಸಾಲಿನಲ್ಲಿ ಯಾರೋ "ನಾಚಿಕೆಗೆಟ್ಟವಳು" ಎಂದರು. ನನಗೆ ಕೇಳಿಸಿತು, ಅವಳಿಗಿಲ್ಲ. ಗಿರಣಿ ಕೆಡಿಸಿದ ಕಿವಿ ಅವತ್ತು ಅವಳ ಗುರಾಣಿಯಾಯಿತು. ಕಮಾನು ತಂತಿಗೆ ತಾಗಿತು. ನನ್ನೊಳಗಿನ ಶವಪೆಟ್ಟಿಗೆಯ ಹಲಗೆಗಳೆಲ್ಲ ಎದ್ದು ಹಾಡಿದವು.

ಚಪ್ಪಾಳೆಯನ್ನು ಅವಳಿಗೆ ಮುಟ್ಟಿಸಿದ್ದೂ ನಾನೇ. ಅದು ನೆಲದ ಹಲಗೆಯಿಂದ ನನ್ನ ಮೊಳೆ ಹತ್ತಿ ಅವಳ ಮೊಣಕಾಲಿಗೆ ಬಂತು. ಆಮೇಲೆ ಪೆಲ್ಹಮ್ ಪತ್ರಿಕೆಯವರಿಗೆ, "ಈಕೆಯನ್ನು ಗುರುತಿಸಿದ್ದೇ ನಾನು" ಎಂದನಂತೆ. ಮಾರ್ಥಾ ಅದಕ್ಕೆ ತುಟಿಯಲ್ಲೇ ಕೊಟ್ಟ ಉತ್ತರವನ್ನು ಇಲ್ಲಿ ಬರೆಯುವಂತಿಲ್ಲ.

ವಾದ್ಯವೃಂದದ ಆ ಕಾಯಂ ಜಾಗದಲ್ಲಿ ಎಲ್ಸಿ ತಲೆ ನರೆಯುವವರೆಗೂ ಕೂತಳು. ಲಂಡನ್ನಿನಲ್ಲಿ, ವಿಯೆನ್ನಾದಲ್ಲಿ ನುಡಿಸಿದೆವು. ಕಿವಿ ಪೂರ್ತಿ ಹೋದಮೇಲೂ ನುಡಿಸಿದೆವು. ತೀರಿಹೋಗುವ ಮುಂಚೆ ಅವಳು ನನ್ನನ್ನು ತನ್ನ ಊರಿನ ಶಾಲೆಗೆ ಕೊಟ್ಟಳು.

ಈಗ ಕಿಟಕಿಯ ಪಕ್ಕದ ಮೂಲೆ ನನ್ನದು. ಅಂಟು ಸಡಿಲಾಗಿದೆ, ಮೈಯೆಲ್ಲ ಗೀರು. ಆದರೂ ಹುಡುಗಿಯರು ಬರುತ್ತಾರೆ, ಬ್ಯಾಗು ಎಸೆದು, ನನ್ನನ್ನು ಮೊಣಕಾಲ ನಡುವೆ ಎಳೆದುಕೊಂಡು ಕೂರುತ್ತಾರೆ. ಯಾರೂ ಏನೂ ಅನ್ನುವುದಿಲ್ಲ. ಯಾರೂ ಏನೂ ಅನ್ನದ ಈ ದಿನ ಬರಲೆಂದೇ ಮಾರ್ಥಾ ಅವತ್ತು ಅಷ್ಟು ಜೋರಾಗಿ ಕೂಗಿದ್ದಳು.