ಖಾಲಿ ಗಾಡಿ ಕಳಿಸಬಾರದು

"ಒಂಬತ್ತನೇ ಕ್ಲಾಸ ದಾಟಲಾರದ ಕತ್ತೆ! ನಿನ್ನ ಕೈಯಾಗ ಗಾಡಿ ಕೊಟ್ಟೆನಲ್ಲ, ನನ್ನ ಚಪ್ಪಲಿ ತಗೊಂಡು ನಾನ ಹೊಡಕೋಬೇಕು!"

ಪರಸಪ್ಪನದು ಕಾಗದದ ಮಿಲ್ಲಿನಲ್ಲಿ ಯಂತ್ರದ ಸದ್ದಿನ ಮೇಲೆ ಕೂಗಿ ಕೂಗಿ ಬಲಿತ ಗಂಟಲು. ಸಿದ್ದಲಿಂಗನ ಗ್ಯಾರೇಜಿನಲ್ಲಿ ಸ್ಪ್ಯಾನರ್ ಹಿಡಿದವರು, ಚಾ ಹಿಡಿದವರು, ಕೆಲಸವಿಲ್ಲದೆ ನಿಂತವರು, ಎಲ್ಲರೂ ತಿರುಗಿ ದುಂಡೇಶನನ್ನೇ ನೋಡಿದರು. ಒಬ್ಬ ನಕ್ಕ. ದುಂಡೇಶ ಆ ಮುಖವನ್ನು ನೆನಪಿಟ್ಟುಕೊಂಡ.

ದುಂಡೇಶ ಪರಸಪ್ಪನ ಅಕ್ಕನ ಮಗ. ಮಾಸ್ತರರ ಜೊತೆ ಜಗಳ ಕಾಯ್ದು ಶಾಲೆ ಬಿಟ್ಟವನು. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತಿತ್ತು, ಆದರೆ ಸ್ಟೇರಿಂಗ್ ಹಿಡಿದರೆ ಬೇರೆಯೇ ಮನುಷ್ಯ. ಮಾವ ಮಿಲ್ಲಿನಿಂದ ನಿವೃತ್ತನಾದಾಗ ಬಂದ ಫಂಡನ್ನೆಲ್ಲ ಒಂದು ಸೆಕೆಂಡ್ ಹ್ಯಾಂಡ್ ಕಾರಿಗೆ ಸುರಿದಿದ್ದ. ಕಣ್ಣು ಮಂಜು, ಹಾಗಾಗಿ ಓಡಿಸುವವನು ಅಳಿಯ. ಆ ಕಾರು ಈಗ ಮೂತಿ ಜಜ್ಜಿಸಿಕೊಂಡು ಗ್ಯಾರೇಜಿನ ಮೂಲೆಯಲ್ಲಿ ನಿಂತಿತ್ತು. ಕುಂಬಾರವಾಡದಿಂದ ಬರುವಾಗ ತಿರುವಿನಲ್ಲಿ ಕಾಡುಕೋಣವೊಂದು ಅಡ್ಡ ನುಗ್ಗಿತ್ತು. ಕೋಣ ಎದ್ದು ಹೋಯಿತು, ಕಾರು ಏಳಲಿಲ್ಲ.

ಫುಲ್ ಇನ್ಶುರೆನ್ಸ್ ಇತ್ತು. ಆದರೆ ಹುಬ್ಬಳ್ಳಿಯಿಂದ ವಿಚಾರಣೆಗೆಂದು ಬಂದ ಇನ್ಶುರೆನ್ಸ್ ಕಂಪನಿಯ ಮನುಷ್ಯ ಮಹಾಬಳೇಶ್ವರ ಅಪಘಾತದ ಫೋಟೊ ಹಿಡಿದು ಒಂದೇ ಮಾತು ಕೇಳಿದ್ದ: ಕಾರಿನ ಹಿಂದೆ ಚೀಲ ಬಿಚ್ಚಿ ರಸ್ತೆ ತುಂಬ ಹರಡಿರುವ ಈ ಗೆಡ್ಡೆ, ಒಡೆದ ಈ ಕುಂಬಳಕಾಯಿ ಯಾರವು?

ಬಿಳಿ ಬೋರ್ಡಿನ ಸ್ವಂತ ಗಾಡಿಯನ್ನು ಬಾಡಿಗೆಗೆ ಬಿಟ್ಟರೆ ಕ್ಲೇಮು ಕೈಗೆ ಬರುವುದಿಲ್ಲ. ಪರಸಪ್ಪನಿಗೆ ಅಷ್ಟು ಗೊತ್ತಿತ್ತು. ಅದಕ್ಕೇ ಗಾಬರಿಯಾಗಿ, "ಹಳಿಯಾಳ ಸಂತ್ಯಾಗ ಕೊಂಡೇವ್ರಿ ಸಾಹೇಬ್ರ," ಅಂದುಬಿಟ್ಟ.

ದುಂಡೇಶ ಸುಮ್ಮನಿರಬೇಕಿತ್ತು. ಇರಲಿಲ್ಲ.

"ಸುಳ್ಳ ಯಾಕ ಮಾವಾ? ಕುಂಬಾರವಾಡದ ಗೋದುಬಾಯಿ ಕೊಟ್ಟಾರ. ಕೈ ಮುರದಿತ್ತು, ದವಾಖಾನಿಂದ ಬಿಟ್ಟಿದ್ರು, ಸಂಜಿ ಬಸ್ಸು ಬರಲಿಲ್ಲ. ಊರಿಗೆ ಬಿಟ್ಟು ಬಂದೆ."

ಕತ್ತೆ ಎಂಬ ಬಿರುದು ಸಿಕ್ಕಿದ್ದು ಇದಕ್ಕೆ.

ಮಹಾಬಳೇಶ್ವರ ಪೆನ್ನು ತೆಗೆದ. "ಬಿಟ್ಟು ಬಂದಿದ್ದಕ್ಕ ಚೀಲ ಕೊಟ್ರು. ಅಂದ್ರ ಬಾಡಿಗಿ ಬದಲಿ ಗೆಡ್ಡಿ. ಹೌದಿಲ್ಲೋ?"

"ಬಾಡಿಗಿ ಅಲ್ರಿ! ಅವರು ಖಾಲಿ ಗಾಡಿ ಕಳಸೂದಿಲ್ಲ, ಅಷ್ಟ."

"ಕಂಪನ್ಯಾಗ ಹಂಗಂತ ಹೇಳಿದ್ರ ನನ್ನ ಖಾಲಿ ಕೈಲೆ ಮನಿಗೆ ಕಳಸ್ತಾರ."

ಜನ ಗೊಳ್ಳೆಂದರು. ಇಂಥ ಸಾಹೇಬ ಸಿಕ್ಕಿದ್ದಾನೆ ಅಂತ ಒಬ್ಬೊಬ್ಬರು ತಮ್ಮ ತಮ್ಮ ಪ್ರಶ್ನೆ ಹಿಡಿದು ನುಗ್ಗಿದರು. ಮುದಕಪ್ಪ ತನ್ನ ಬೈಕು ತೋರಿಸಿ, "ನಿಂತ ಗಾಡಿ ಮ್ಯಾಲೆ ಟೊಂಗಿ ಬಿತ್ರಿ. ಥರ್ಡ್ ಪಾರ್ಟಿ ಐತಿ, ಸಿಗತೈತೇನ್ರಿ?" ಅಂದ.

"ಇಲ್ಲ. ಅದು ನಿನ್ನ ಗಾಡಿಯಿಂದ ಬ್ಯಾರೇದವರಿಗೆ ನುಕ್ಸಾನ ಆದ್ರ ಕೊಡೂದು."

"ಹಂಗಾದ್ರ ಗಿಡದ್ದು ಯಾರು ಇನ್ಶುರೆನ್ಸ್ ಮಾಡಿಸಿರ್ತಾರ್ರಿ?"

ಎಲ್ಲರೂ ನಗುವಾಗ ಪರಸಪ್ಪ ಮಾತ್ರ ಕಾರಿನ ಮೂತಿಯ ಮೇಲೆ ಕೈಯಿಟ್ಟು ನಿಂತಿದ್ದ. ಅದನ್ನು ನೋಡಿ ದುಂಡೇಶನ ಸಿಟ್ಟಿನ ಕೆಳಗೆ ಇನ್ನೇನೋ ಒಂದು ಅಲುಗಾಡಿತು. ಕ್ಲೇಮು ಬಿದ್ದುಹೋದರೆ ಈ ಮುದುಕನ ಕಾರು ಗುಜರಿಗೇ.

"ನಾಳೆ ಕುಂಬಾರವಾಡಕ್ಕೆ ಹೋಗಿ ಆ ಗೋದುಬಾಯೀನ್ನ ಕೇಳ್ತೇನಿ," ಅಂದ ಮಹಾಬಳೇಶ್ವರ. "ನೀ ದಾರಿ ತೋರಸು. ಆದ್ರ ಅಲ್ಲಿ ಬಾಯಿ ಬಿಡಬ್ಯಾಡ."

ಮರುದಿನ ಜೊಯಿಡಾ ದಾಟಿ ಕಾಡಿನ ರಸ್ತೆಯುದ್ದಕ್ಕೂ ದುಂಡೇಶ ಹಲ್ಲು ಕಚ್ಚಿಕೊಂಡು ಕೂತಿದ್ದ. ಬಂಪರಿನ ಚೂರುಗಳು ಇನ್ನೂ ಬಿದ್ದಿದ್ದ ತಿರುವಿನಲ್ಲಿ ಮಹಾಬಳೇಶ್ವರ ಇಳಿದು ಫೋಟೊ ತೆಗೆದ. ಮಣ್ಣಿನಲ್ಲಿ ಗೊರಸು ಊರಿದ ಗುರುತುಗಳಿದ್ದವು. "ಕೋಣದ್ದು ಖರೆ ಐತಿ," ಎಂದು ತನ್ನಷ್ಟಕ್ಕೆ ಹೇಳಿಕೊಂಡ.

ಗೋದುಬಾಯಿ ಕೈಗೆ ಪಟ್ಟಿ ಕಟ್ಟಿಕೊಂಡೇ ಅಂಗಳದಲ್ಲಿ ಭತ್ತ ಕೆದಕುತ್ತಿದ್ದಳು. ದುಂಡೇಶನನ್ನು ಕಂಡವಳೇ, "ಅರೆ, ಸಿಟ್ಟಿನ ಪೋರ ಬಂದ!" ಎಂದು ಕೂಗಿದಳು.

"ಅವತ್ತು ಇವನ ಗಾಡಿಗೆ ಏನು ಕೊಟ್ರಿ?" ಮಹಾಬಳೇಶ್ವರ ನೇರ ಕೇಳಿದ.

"ಕೊಟ್ಟೆನಲ್ಲ ಬಾಬಾ! ಒಂದು ಚೀಲ ಗೆಡ್ಡೆ, ಒಂದು ಕುಂಬಳಕಾಯಿ!" ಅವಳ ದನಿಯಲ್ಲಿ ಹೆಮ್ಮೆ.

ಮಹಾಬಳೇಶ್ವರನ ಪೆನ್ನು ಓಡತೊಡಗಿತು.

"ಎಷ್ಟು ಅಂತ ಮಾತಾಗಿತ್ತು? ಗಾಡಿ ಹತ್ತೂ ಮೊದಲ?"

"ಮಾತೆಲ್ಲಿಂದ? ದಾರಿ ತುಂಬ ಮುಖ ಉಬ್ಬಿಸಿಕೊಂಡೇ ಕೂತಿದ್ದ. ಬಸ್ಸಿನವರಿಗೆ ಬೈದ, ರಸ್ತೆಗೆ ಬೈದ. ಚೀಲ ತಂದರೆ ನನಗೇ ಬೈದ, 'ಬ್ಯಾಡ ಅಂದ್ರ ತಿಳೀತೈತಿಲ್ಲ' ಅಂತ. ನಾನೇನು ಬಿಡ್ತೇನೆ? ಸೊಸೆ ಡಿಕ್ಕಿ ತೆಗೆದು ತುರುಕಿದಳು. ಬಾಗಿಲಿಗೆ ಬಂದ ಗಾಡಿ ಖಾಲಿ ಹೋಗಬಾರದು, ಬಾಬಾ."

ಮಹಾಬಳೇಶ್ವರ ಬರೆದಿದ್ದನ್ನು ಓದಿ ಹೇಳಿ, ಅವಳ ಹೆಬ್ಬೆಟ್ಟು ಒತ್ತಿಸಿಕೊಂಡ. ಮುಖದ ಮೇಲೆ ಏನೂ ತೋರಲಿಲ್ಲ. ತಿರುಗಿ ತನ್ನ ಕಾರಿನ ಹತ್ತಿರ ಹೋದರೆ, ಹಿಂದಿನ ಸೀಟಿನ ಮೇಲೆ ದೊಡ್ಡದೊಂದು ಕುಂಬಳಕಾಯಿ ಸಾಹುಕಾರನ ಹಾಗೆ ಕೂತಿತ್ತು. ಸೊಸೆ ಸೆರಗಿಗೆ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು.

"ಏ, ಇದು ಬ್ಯಾಡ! ನಾವು ಏನೂ ತಗೋಬಾರದು, ರೂಲ್ ಐತಿ. ತಗೀರಿ, ತಗೀರಿ!"

ಗೋದುಬಾಯಿ ಗಲ್ಲಕ್ಕೆ ಕೈ ಹಚ್ಚಿದಳು. "ಯಾಕೆ ಬಾಬಾ? ಬಾಡಿಗೆ ಗಾಡಿಗಾದರೆ ದುಡ್ಡು ಕೊಡ್ತೇವೆ. ನೀನೇನು ಬಾಡಿಗೆಗೆ ಬಂದಿದ್ದೀಯಾ?"

ಮಹಾಬಳೇಶ್ವರ ಕಾರಿಗೆ ಒರಗಿ, ಹೊಟ್ಟೆ ಹಿಡಿದುಕೊಂಡು ನಕ್ಕ. ದುಂಡೇಶ ಅಲ್ಲೇ ಕಟ್ಟೆಯ ಮೇಲೆ ಕೂತು, ಸೊಸೆ ಕೊಟ್ಟ ನೀರನ್ನು ಒಂದೇ ಗುಟುಕಿಗೆ ಕುಡಿದ.

ಮಧ್ಯಾಹ್ನ ಗ್ಯಾರೇಜಿನಲ್ಲಿ ಅದೇ ಜನ, ಅದೇ ಚಾ.

"ಬಾಡಿಗಿ ಅಲ್ಲ ಅಂತ ಬರದೇನಿ," ಎಂದ ಮಹಾಬಳೇಶ್ವರ. "ಲೈಸನ್ಸ್ ಸರಿ ಐತಿ, ಕೋಣ ಖರೆ ಐತಿ. ಕ್ಲೇಮ್ ಆಗತೈತಿ. ಪ್ಲಾಸ್ಟಿಕ್ ಸಾಮಾನಿಂದು ಅರ್ಧ ನೀವ ಹಾಕಬೇಕು, ಅದು ಎಲ್ಲಾರಿಗೂ ಅಷ್ಟ."

ಪರಸಪ್ಪ ಸ್ಟೂಲಿನ ಮೇಲೆ ಕುಸಿದು ಕೂತ, ಕಣ್ಣು ಒರೆಸಿಕೊಂಡ. ಸಿದ್ದಲಿಂಗ ಬೆನ್ನು ತಟ್ಟಿದ.

"ಇನ್ನೊಂದು ಹೇಳ್ತೇನಿ, ಯಜಮಾನ್ರ. ಇಂವ ನಿಮ್ಮ ಸಂತಿ ಮಾತಿಗೆ ಹೂಂ ಅಂದಿದ್ರ, ಅಲ್ಲಿ ಗೋದುಬಾಯಿ ಬ್ಯಾರೇನ ಹೇಳತಿದ್ಲು. ಆ ಸುಳ್ಳಿನ ಮ್ಯಾಲೇ ನಿಮ್ಮ ಫೈಲ್ ಮುಗೀತಿತ್ತು."

ನಿನ್ನೆ ನಕ್ಕವನು ಚಾದ ಗ್ಲಾಸಿನೊಳಗೆ ಏನೋ ಹುಡುಕುತ್ತಿದ್ದ.

ಮಹಾಬಳೇಶ್ವರ ತನ್ನ ಕಾರಿನಿಂದ ಆ ಕುಂಬಳಕಾಯಿಯನ್ನು ಎತ್ತಿ ದುಂಡೇಶನ ಕೈಗಿಟ್ಟ. "ಇದನ್ನ ನಾ ಹುಬ್ಬಳ್ಳಿಗೆ ಒಯ್ಯೂ ಹಂಗಿಲ್ಲ. ನೀನ ನೋಡಕೋ."

ಪರಸಪ್ಪ ಗಂಟಲು ಸರಿಮಾಡಿಕೊಂಡ. ಅಷ್ಟು ದೊಡ್ಡ ಗಂಟಲಿನಿಂದ ಅಷ್ಟು ಸಣ್ಣ ದನಿ ಬರಬಹುದೆಂದು ಅಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ದುಂಡ್ಯಾ... ಚಾ ಕುಡಿ ಬಾರೋ. ಸಿಟ್ಟು ಇನ್ನೂ ಐತೇನು ಮಾವನ ಮ್ಯಾಲೆ?"

ದುಂಡೇಶ ಮಾವನನ್ನು ನೋಡಿದ, ನಿಂತ ಜನರನ್ನು ನೋಡಿದ. ಕುಂಬಳಕಾಯಿಯನ್ನು ಹೆಗಲಿಗೇರಿಸಿಕೊಂಡು ರಸ್ತೆಗಿಳಿದ. ಎಡಕ್ಕೆ ಹೋದರೆ ತನ್ನೂರಿನ ಬಸ್ಸು ಸಿಗುವ ಸ್ಟ್ಯಾಂಡು. ಅವನು ಬಲಕ್ಕೆ ತಿರುಗಿ, ಅತ್ತೆ ಅನ್ನಪೂರ್ಣಾ ರಾತ್ರಿಯ ಅಡಿಗೆಗೆ ಇನ್ನೂ ಒಲೆ ಹಚ್ಚಿರದ ಮಾವನ ಮನೆಯ ಕಡೆ ದಾಪುಗಾಲು ಹಾಕುತ್ತ ಹೊರಟ.