ಮಾವನವರ ಕೋವಿಪೂಜೆ

ನಮ್ಮ ಮಾವ ಅನಂತಪದ್ಮನಾಭಯ್ಯನವರು ಮನೆಯ ಸಾಮಾನುಗಳನ್ನೆಲ್ಲ ಬಹುವಚನದಲ್ಲಿ ಮಾತನಾಡಿಸುತ್ತಾರೆ. ಸ್ಟೌ ಹತ್ತದಿದ್ದರೆ "ಯಾಕೋ ಇವತ್ತು ಇವರಿಗೆ ಮನಸ್ಸಿಲ್ಲ" ಎನ್ನುತ್ತಾರೆ. ಛತ್ರಿ ಬಿಚ್ಚಿಕೊಳ್ಳದಿದ್ದರೆ ಅದರ ಬೆನ್ನು ಸವರಿ "ಸ್ವಲ್ಪ ದಯಮಾಡ್ಸಿ" ಎಂದು ಕೇಳಿಕೊಳ್ಳುತ್ತಾರೆ. ತ್ಯಾಗರಾಜನಗರದ ಈ ಮನೆಗೆ ಸೊಸೆಯಾಗಿ ಬಂದ ಹೊಸದರಲ್ಲಿ, ಯಾರು ಬಂದರೋ ಎಂದು ನಾನು ಎಷ್ಟೋ ಸಲ ಇಣುಕಿ ನೋಡಿದ್ದುಂಟು.

ಈ ಗೌರವಕ್ಕೆ ಎಲ್ಲಕ್ಕಿಂತ ಹೆಚ್ಚು ಪಾತ್ರವಾದದ್ದು ಅರಣ್ಯ ಇಲಾಖೆಯಲ್ಲಿದ್ದ ಅವರ ತಂದೆಯಿಂದ ಬಂದ ಹಳೆಯ ಬೋಲ್ಟ್ ರೈಫಲ್. ಲೈಸೆನ್ಸ್ ಉಂಟು, ತೋಟಾ ಒಂದೂ ಇಲ್ಲ. ಜಿರಲೆಯನ್ನೂ ಕಾಗದದ ಮೇಲೆ ಹತ್ತಿಸಿಕೊಂಡು ಕಾಂಪೌಂಡಿನಾಚೆ ಬಿಟ್ಟುಬರುವ ಮನುಷ್ಯನಿಗೆ ತೋಟಾ ಏಕೆ? ವರ್ಷವಿಡೀ ಬೀರುವಿನಲ್ಲಿ ಮಲಗಿರುವ ಅದು ಆಯುಧಪೂಜೆಯ ಬೆಳಿಗ್ಗೆ ಹೊರಬರುತ್ತದೆ. ಮಾವ ಮೊಣಕೈ ಸವೆದ ಕಂದು ಕೋಟು ತೊಟ್ಟು, ನಡುಮನೆಯಲ್ಲಿ ಹಳೇ ಪಂಚೆ ಹಾಸಿ ಕೂತು, ತೋಟಾ ದೂಡುವ ಸರಳಾದ ಬೋಲ್ಟನ್ನು ಎಳೆದು ತೆಗೆದು, ಅದರ ಹಿಂಬದಿಯ ಪುಟ್ಟ ಸ್ಕ್ರೂವನ್ನು ನಾಲ್ಕಾಣೆಯ ಅಂಚಿನಿಂದ ತಿರುಗಿಸಿ, ಸ್ಪ್ರಿಂಗು ಬಿಡಿಸಿ, ಎಲ್ಲವನ್ನೂ ಎಣ್ಣೆಬಟ್ಟೆಯಲ್ಲಿ ಒರೆಸುತ್ತಾರೆ. ಬಿಚ್ಚುವುದು ಕ್ಷಣದ ಕೆಲಸ. ಜೋಡಿಸುವಷ್ಟರಲ್ಲಿ ಊಟದ ಹೊತ್ತು ಮೀರುತ್ತದೆ. ಬೋಲ್ಟಿನ ಬಾಲ ಕೂದಲೆಳೆಯಷ್ಟು ತಿರುಗಿದ್ದರೂ ಅದು ಕೋವಿಯೊಳಗೆ ಹೋಗದು. "ಹಾಗಲ್ಲ ಸ್ವಾಮಿ, ಹೀಗೆ ಬನ್ನಿ" ಎಂಬ ಉಪಚಾರ ಅಡುಗೆಮನೆಯವರೆಗೂ ಕೇಳುತ್ತಿರುತ್ತದೆ.

ಹೋದ ವರ್ಷ ನನ್ನ ಸೀನು ಅಂಬೆಗಾಲಿಡುತ್ತಿದ್ದ, ಸಿಕ್ಕಿದ್ದೆಲ್ಲ ಬಾಯಿಗೆ. ಪಾಯಸ ತಿರುವಿ ಬರುವಷ್ಟರಲ್ಲಿ ಅವನು ಆ ಪಂಚೆಯ ಅಂಚಿನಲ್ಲಿ ಕೂತು ತುಟಿ ಚಪ್ಪರಿಸುತ್ತಿದ್ದ. ಮಾವ ಬೋಲ್ಟನ್ನು ಹಿಡಿದುಕೊಂಡು, "ಇವರ ಸ್ಕ್ರೂ ಕಾಣಿಸ್ತಿಲ್ವಲ್ಲ" ಎಂದರು.

ಮಗುವಿನ ಬಾಯಿಗೆ ಬೆರಳು ಹಾಕಿ ತಡಕಿದೆ, ಏನೂ ಇಲ್ಲ. "ನುಂಗಿಬಿಟ್ಟಿದಾನೆ ಮಾವ, ಎಕ್ಸ್‌ರೇ ತೆಗೆಸ್ಬೇಕು, ಈಗ್ಲೇ." ಹಬ್ಬದ ದಿನ ಯಾವ ಡಾಕ್ಟರು? ಬೀದಿಯ ಕೊನೆಯಲ್ಲಿ ಆಟೋಗಳು ಬಾಳೆಕಂದು ಕಟ್ಟಿಸಿಕೊಳ್ಳುತ್ತ ನಿಂತಿದ್ದವು.

ನಮ್ಮತ್ತೆ ಸೀತಮ್ಮನವರು ದೇವರ ಮುಂದಿನಿಂದಲೇ ನಕ್ಕರು. "ಹೋದ ತಿಂಗ್ಳು ಗುಂಡಿ ನುಂಗ್ದ ಅಂತ ಬೀದಿಗೆಲ್ಲ ಕೇಳೋ ಹಾಗೆ ಕೂಗಾಡ್ದೆ. ಗುಂಡಿ ನಿನ್ನ ರವಿಕೇಲೇ ಇತ್ತು."

ಮಾವ ನಗಲಿಲ್ಲ. ಪಂಚೆ ಕೊಡವಿದರು, ಕೋಟಿನ ಜೇಬುಗಳನ್ನು ಹೊರಳಿಸಿದರು, ತಟಕ್ಕನೆ ನಿಂತರು. "ನನ್ನ ನಾಲ್ಕಾಣೆನೂ ಇಲ್ಲ."

ಅದೂ ಹೊಟ್ಟೆಗೆ ಹೋಯಿತೆಂದು ನಾನು ಮಗುವನ್ನು ಮಡಿಲಿಗೆಳೆದುಕೊಂಡು ಕೂತೆ. ಅವರು ಮಾತ್ರ ಅತ್ತೆಯ ಕಡೆ ತಿರುಗಿದರು. "ಇವಳೇ, ಕುಂಬಳಕಾಯಿಗೆ ಕಾಸು ಎಲ್ಲಿಂದ ತಗೊಂಡೆ?"

"ನಿಮ್ಮ ಪಕ್ಕದ ತಟ್ಟೇಲಿ ಇತ್ತಲ್ಲ. ಪೂಜೆಗೇ ಇಟ್ಟಿದೀರ ಅಂತ ಕುಂಕುಮದ ಜೊತೆ ಸುರಿದೆ."

ಪೂಜೆಯಾದ ಮೇಲೆ ಬಾಗಿಲಲ್ಲಿ ಒಡೆಯಲು, ತೂತು ಕೊರೆದು ಕುಂಕುಮ ಕಾಸು ತುಂಬಿ ಮುಚ್ಚಿಟ್ಟ ಬೂದುಗುಂಬಳ ಅದು. ರಾಹುಕಾಲ ನೋಡದೆ ಕ್ಷೌರಕ್ಕೂ ಹೋಗದ, ಪೂಜೆಗಿಟ್ಟ ಕತ್ತರಿಯನ್ನು ಮಾರನೆಯ ದಿನದವರೆಗೆ ಯಾರಿಗೂ ಮುಟ್ಟಗೊಡದ ಮಾವ, ನೇರ ಹೋಗಿ ಅದನ್ನೆತ್ತಿಕೊಂಡರು.

"ಮಂಗಳಾರತಿನೇ ಆಗಿಲ್ವಲ್ರೀ" ಎಂದು ಅತ್ತೆ ಅಡ್ಡಬಂದರು.

"ಕೂಸಿನ ತಾಯಿ ಉಸಿರು ಬಿಗಿಹಿಡ್ಕೊಂಡು ಕೂತಿದಾಳೆ ಕಣೇ. ದೇವಿ ಸ್ವಲ್ಪ ಹೊತ್ತು ಕಾಯ್ತಾಳೆ."

ಹಿತ್ತಲಿನ ಒಗೆಯುವ ಕಲ್ಲಿನ ಬಳಿ, "ತಪ್ಪು ತಿಳೀಬೇಡಿ" ಎಂದು ಕಾಯಿಗೆ ಹೇಳಿ, ಎತ್ತಿ ಅಪ್ಪಳಿಸಿದರು. ಕೆಂಪು ತಿರುಳಿನಲ್ಲಿ ನಾಲ್ಕಾಣೆ; ಎಣ್ಣೆಯ ಜಿಡ್ಡಿಗೆ ಅದಕ್ಕಂಟಿಕೊಂಡು ಕಡಲೆಕಾಳಿನಷ್ಟು ಸ್ಕ್ರೂ. ನಾನು ಸೀನುವನ್ನು ಅವುಚಿಕೊಂಡು ಅತ್ತೇ ಬಿಟ್ಟೆ.

ಸ್ಕ್ರೂವನ್ನು ತೊಳೆದು, ಅವರು ಕೋವಿಗೆ ಹಾಕಲಿಲ್ಲ, ನನ್ನ ಅಂಗೈಯಲ್ಲಿಟ್ಟರು. "ನಿನ್ನ ಹತ್ರಾನೇ ಇರಲಿ ಪಂಕಜಾ. ಸೀನು ದೊಡ್ಡೋನಾಗ್ಲಿ, ಇವರನ್ನ ಆಮೇಲೆ ಜೋಡಿಸಿದ್ರಾಯ್ತು." ಅತ್ತೆ ಗೊಣಗುತ್ತಲೇ ಪಕ್ಕದ ಮನೆಯಿಂದ ಇನ್ನೊಂದು ಕುಂಬಳಕಾಯಿ ತಂದರು. ಆ ವರ್ಷದ ಪೂಜೆಯಲ್ಲಿ ರೈಫಲ್ ಒಂದು ಕಡೆ, ಬೋಲ್ಟಿನ ಭಾಗಗಳು ಇನ್ನೊಂದು ಕಡೆ, ತಲೆಗೊಂದು ಸೇವಂತಿಗೆ ಮುಡಿದು ಕೂತವು. ಸ್ಕ್ರೂ ಇಂದಿಗೂ ನನ್ನ ಟ್ರಂಕಿನಲ್ಲಿದೆ.

ಜಡವಸ್ತುವಿಗೂ ಮರ್ಯಾದೆ ಕೊಡುವ ಇಂಥ ಹಿರಿಯರನ್ನು ಕಂಡು ನಾವು ಸೆರಗಿನ ಮರೆಯಲ್ಲಿ ನಗುತ್ತೇವೆ. ಆದರೆ ಛತ್ರಿಯ ಮನಸ್ಸನ್ನೂ ಕೇಳುವ ಅಭ್ಯಾಸವಿದ್ದವರಿಗೆ ಹೆದರಿದವಳೊಬ್ಬಳ ಹೆದರಿಕೆ ಎಂದೂ ಕ್ಷುಲ್ಲಕವಾಗಿ ಕಾಣದು. ಏನೂ ಆಗಿರುವುದಿಲ್ಲ ಬಿಡು ಎಂದು ಉಳಿದವರು ಸಮಾಧಾನ ಹೇಳುತ್ತಿರುವಾಗ, ಅವರು ಎದ್ದು ಹುಡುಕಲು ಹೋಗಿರುತ್ತಾರೆ.